ಎಎಫ್‌ಎಸ್: ಮಂಡ್ಯದಲ್ಲಿ ರೀಡ್-ಓನ್ಲಿ ಕಾಪಿ ಇದ್ದರೂ ಕ್ಲೈಂಟುಗಳು ಮೈಸೂರಿಗೇ ಓಡುತ್ತಿವೆ, ಯಾಕೆ?

ಕಬ್ಬಿನಗದ್ದೆ (ಮಂಡ್ಯ)

ನಮಸ್ಕಾರ. ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಓದಿಕೊಳ್ಳಿ.

ಓಪನ್‌ಎಎಫ್‌ಎಸ್ 1.8 (ಹಲವು ಸರ್ವರುಗಳ ಫೈಲುಗಳನ್ನು ಒಂದೇ ಮರದಂತೆ ತೋರಿಸೋ ಎಎಫ್‌ಎಸ್ ಅನ್ನೋ ಫೈಲ್ ವ್ಯವಸ್ಥೆ), ಎರಡೂ ಕಡೆ ಡೆಬಿಯನ್ ಲಿನಕ್ಸ್. ಮೈಸೂರಿನ ಸರ್ವರ್ ಹೆಸರು ಕಾವೇರಿ, ಮಂಡ್ಯದ್ದು ಹೇಮಾವತಿ. ಎರಡರಲ್ಲೂ ಫೈಲ್ ಸರ್ವರ್ ಮತ್ತು (ಯಾವುದು ಎಲ್ಲಿದೆ ಅಂತ ಹೇಳೋ) ಡೇಟಾಬೇಸ್ ಸರ್ವರ್ ಇದೆ. ನಡುವೆ 100 ಎಂಬಿಪಿಎಸ್ ಲೈನ್, ಅದರ ಮೇಲೆ ವಿಪಿಎನ್. ಪಿಂಗ್ ಸುಮಾರು 10 ಮಿಲಿಸೆಕೆಂಡ್. ಕ್ಲೈಂಟುಗಳಲ್ಲಿ ಡೈನ್‌ರೂಟ್ (ಮರದ ತುತ್ತತುದಿಯನ್ನು ಸರ್ವರಿನಿಂದ ತಾರದೆ ಕ್ಲೈಂಟೇ ಕಟ್ಟಿಕೊಳ್ಳೋ ಸೌಲಭ್ಯ) ಆನ್ ಇದೆ.

ಹಳೆ ಪುಸ್ತಕಗಳ ಸ್ಕ್ಯಾನ್ ಪುಟಗಳು "ಸ್ಕ್ಯಾನ್.ಹಳೆ" ಅನ್ನೋ ಒಂದೇ ವಾಲ್ಯೂಮಿನಲ್ಲಿವೆ (ಎಎಫ್‌ಎಸ್ ಒಟ್ಟಾಗಿ ಇಡೋ, ಕಾಪಿ ಮಾಡೋ ಫೈಲುಗಳ ಗುಂಪು), 180 ಜಿಬಿ. ಪರೀಕ್ಷೆಗೆ ಅಂತ "ಸ್ಕ್ಯಾನ್.ಮಾದರಿ" ಅಂತ 2 ಜಿಬಿಯದ್ದು ಇನ್ನೊಂದು. ಎರಡರ ಮೌಂಟ್ ಪಾಯಿಂಟೂ (ಫೋಲ್ಡರಿನಂತೆ ಕಾಣೋ, ಆ ವಾಲ್ಯೂಮಿಗೆ ಹೋಗೋ ಬಾಗಿಲು) "ಸ್ಕ್ಯಾನ್" ಅನ್ನೋ ಚಿಕ್ಕ ವಾಲ್ಯೂಮಿನೊಳಗೆ, ಅದರದ್ದು ರೂಟ್.ಸೆಲ್ ಒಳಗೆ (ನಮ್ಮ ಸೆಲ್, ಅಂದರೆ ನಮ್ಮ ಎಎಫ್‌ಎಸ್ ವ್ಯವಸ್ಥೆಯ ಮೇಲ್ತುದಿಯ ವಾಲ್ಯೂಮ್).

ಮಾದರಿಗೆ ಹೇಮಾವತಿಯ ವೈಸ್‌ಪಿ-ಎ ಪಾರ್ಟಿಷನ್ ಮೇಲೆ ವಾಸ್ ಆಡ್‌ಸೈಟ್ ಮಾಡಿ (ಕಾಪಿಗೆ ಜಾಗ ಗುರುತಿಸೋದು) ವಾಸ್ ರಿಲೀಸ್ ಕೊಟ್ಟೆ (ಕಾಪಿಗೆ ಡೇಟಾ ಕಳಿಸೋದು). ಯಶಸ್ವಿ ಅಂತಲೇ ಬಂತು, ವಾಸ್ ಎಕ್ಸಾಮಿನ್‌ನಲ್ಲಿ ಆರ್‌ಓ (ರೀಡ್-ಓನ್ಲಿ) ಸೈಟ್ ಕಾಣಿಸುತ್ತಿದೆ. ಆದರೆ:

ಮಂಡ್ಯದ ಕ್ಲೈಂಟಿನಲ್ಲಿ ಆ ಫೋಲ್ಡರಿಗೆ ಎಫ್‌ಎಸ್ ವೇರ್‌ಈಸ್ ಕೊಟ್ಟರೆ ಕಾವೇರಿ ಒಂದನ್ನೇ ತೋರಿಸುತ್ತೆ. ಲೈನ್ ಹೋದರೆ ಎಲ್‌ಎಸ್ ಕೊಟ್ಟ ಟರ್ಮಿನಲ್ ಹಾಗೇ ನಿಂತುಬಿಡುತ್ತೆ. ಇನ್ನು 180 ಜಿಬಿಯದ್ದನ್ನು ರಿಲೀಸ್ ಮಾಡಲು ಹೋದರೆ ಶುರುವಾಗಿ ಸರಿಯಾಗಿ ಹತ್ತು ಗಂಟೆಗೆ ಟಿಕೆಟ್ (ಲಾಗಿನ್ ಆದಾಗ ಸಿಗೋ ಗುರುತುಚೀಟಿ) ಅವಧಿ ಮುಗಿದಿದೆ ಅಂತ ಬಿದ್ದುಹೋಗುತ್ತೆ. ಈಗ ಅದು ಲಾಕ್ಡ್ ಅಂತಲೂ ತೋರಿಸುತ್ತಿದೆ.

ಎಲ್ಲಿ ಎಡವಿದ್ದೇನೆ?

---

ಸಾವಿರಮೆಟ್ಟಿಲು (ಮೈಸೂರು)

ಸರ್, ಆಡ್‌ಸೈಟ್, ರಿಲೀಸ್ ಎರಡೂ ಸರಿಯಾಗಿಯೇ ಇವೆ. ಕೈ ಕೊಟ್ಟಿರೋದು ಮೇಲಿನ ದಾರಿ.

ಎಎಫ್‌ಎಸ್ ಕ್ಲೈಂಟ್ ಒಂದು ವಾಲ್ಯೂಮಿನ ಯಾವ ಕಾಪಿಗೆ ಹೋಗಬೇಕು ಅಂತ ಆ ವಾಲ್ಯೂಮನ್ನಷ್ಟೇ ನೋಡಿ ತೀರ್ಮಾನಿಸಲ್ಲ, ತಾನು ಎಲ್ಲಿಂದ ನಡೆದುಬಂದೆ ಅನ್ನೋದನ್ನೂ ನೋಡುತ್ತೆ. ರೀಡ್-ಓನ್ಲಿ ವಾಲ್ಯೂಮಿನೊಳಗಿನ ಮೌಂಟ್ ಪಾಯಿಂಟ್ ದಾಟುವಾಗ ಮುಂದಿನದಕ್ಕೂ ಆರ್‌ಓ ಇದ್ದರೆ ಅಲ್ಲಿಗೆ ಹೋಗುತ್ತೆ, ಇಲ್ಲದಿದ್ದರೆ ಆರ್‌ಡಬ್ಲ್ಯೂಗೆ (ಬರೆಯಬಹುದಾದ ಮೂಲ ಕಾಪಿಗೆ) ಇಳಿಯುತ್ತೆ. ಒಂದು ಸಲ ಆರ್‌ಡಬ್ಲ್ಯೂಗೆ ಇಳಿದರೆ ಮುಗೀತು, ಅಲ್ಲಿಂದ ಕೆಳಗೆ ಎಷ್ಟೇ ಆರ್‌ಓ ಕಾಪಿಗಳಿರಲಿ, ಸಾಮಾನ್ಯ ಮೌಂಟ್ ಪಾಯಿಂಟ್ ದಾಟುವಾಗ ಅವುಗಳತ್ತ ತಿರುಗಿಯೂ ನೋಡಲ್ಲ. ನಿಮ್ಮ ರೂಟ್.ಸೆಲ್‌ಗೂ ಸ್ಕ್ಯಾನ್‌ಗೂ ಆರ್‌ಓ ಇಲ್ಲ. ಕ್ಲೈಂಟ್ ಮೊದಲ ಮೆಟ್ಟಿಲಲ್ಲೇ ಆರ್‌ಡಬ್ಲ್ಯೂ ಹಾದಿ ಹಿಡಿದಿರುತ್ತೆ. ಮಂಡ್ಯದ ಕಾಪಿ ಸುಮ್ಮನೆ ಕೂತಿದೆ ಅಷ್ಟೆ.

ಖಚಿತ ಮಾಡಿಕೊಳ್ಳಲು ಮೇಲಿನಿಂದ ಒಂದೊಂದೇ ಫೋಲ್ಡರಿಗೆ ಎಫ್‌ಎಸ್ ಎಕ್ಸಾಮಿನ್ ಕೊಡಿ. ವಾಲ್ಯೂಮ್ ನಂಬರ್, ಅದರ ಪಕ್ಕದಲ್ಲೇ ಹೆಸರು ಬರುತ್ತೆ. ಹೆಸರಿನ ಕೊನೆಯಲ್ಲಿ ".ರೀಡ್‌ಓನ್ಲಿ" ಇದ್ದರೆ ನೀವು ಆರ್‌ಓ ಹಾದಿಯಲ್ಲಿದ್ದೀರಿ. ಬಾಲ ಎಲ್ಲಿ ಕಾಣೆಯಾಯಿತೋ ಅಲ್ಲೇ ತಪ್ಪು. ಎಫ್‌ಎಸ್ ಎಲ್‌ಎಸ್‌ಮೌಂಟ್ ಕೂಡ ಕೊಟ್ಟು ನೋಡಿ: ಹೆಸರಿನ ಶುರುವಿನಲ್ಲಿ ಹ್ಯಾಷ್ ಗುರುತು ಇದ್ದರೆ ಸಾಮಾನ್ಯ ಮೌಂಟ್, ಪರ್ಸೆಂಟ್ ಗುರುತು ಇದ್ದರೆ ಯಾರೋ ಮೈನಸ್-ಆರ್‌ಡಬ್ಲ್ಯೂ ಹಾಕಿ ಮಾಡಿದ ಮೌಂಟ್. ಪರ್ಸೆಂಟ್ ಇರೋ ಕಡೆ ಏನೇ ಮಾಡಿದರೂ ಆರ್‌ಓಗೆ ಹೋಗಲ್ಲ, ತೆಗೆದು ಮತ್ತೆ ಮಾಡಬೇಕು.

ಕೆಲಸ ಇಷ್ಟು. ರೂಟ್.ಎಎಫ್‌ಎಸ್ (ಮರದ ತುತ್ತತುದಿಯ ವಾಲ್ಯೂಮ್), ರೂಟ್.ಸೆಲ್, ಸ್ಕ್ಯಾನ್, ಸ್ಕ್ಯಾನ್.ಮಾದರಿ, ನಾಲ್ಕಕ್ಕೂ ಎರಡೆರಡು ಸೈಟ್:

ವಾಸ್ ಆಡ್‌ಸೈಟ್ ಕಾವೇರಿ ಎ ರೂಟ್.ಸೆಲ್
ವಾಸ್ ಆಡ್‌ಸೈಟ್ ಹೇಮಾವತಿ ಎ ರೂಟ್.ಸೆಲ್
ವಾಸ್ ರಿಲೀಸ್ ರೂಟ್.ಸೆಲ್

ಹೀಗೇ ಉಳಿದವಕ್ಕೂ. ಆಮೇಲೆ ಕ್ಲೈಂಟುಗಳಲ್ಲಿ ಎಫ್‌ಎಸ್ ಚೆಕ್‌ವಾಲ್ಯೂಮ್ಸ್. ವಾಲ್ಯೂಮ್ ಎಲ್ಲಿದೆ ಅನ್ನೋ ಹಳೆ ಮಾಹಿತಿಯನ್ನು ಕ್ಲೈಂಟ್ ಕ್ಯಾಷಿನಲ್ಲಿ ಇಟ್ಟುಕೊಂಡಿರುತ್ತೆ, ಇದನ್ನು ಕೊಡದಿದ್ದರೆ ಏನೂ ಬದಲಾಗಿಲ್ಲ ಅನ್ನಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತೀರಿ. ಡೈನ್‌ರೂಟ್ ಇರೋ ಕ್ಲೈಂಟುಗಳು ರೂಟ್.ಎಎಫ್‌ಎಸ್ ಅನ್ನು ನೋಡೋದೇ ಇಲ್ಲ, ಆದರೂ ಅದನ್ನು ಬಿಡಬೇಡಿ. ಡೈನ್‌ರೂಟ್ ಇಲ್ಲದ ಒಂದು ಯಂತ್ರ ಮುಂದೆ ಬಂದೇ ಬರುತ್ತೆ.

ಮೊದಲ ಸಾಲನ್ನು ಗಮನಿಸಿ. ಆರ್‌ಡಬ್ಲ್ಯೂ ಇರೋ ಕಾವೇರಿಯ ಮೇಲೂ ಒಂದು ಆರ್‌ಓ ಸೈಟ್ ಬೇಕೇ ಬೇಕು, ಅದೂ ಆರ್‌ಡಬ್ಲ್ಯೂ ಇರೋ ಪಾರ್ಟಿಷನ್ನಿನಲ್ಲೇ. ಇದನ್ನು ಬಿಟ್ಟು ಹೇಮಾವತಿ ಒಂದರ ಮೇಲೇ ಆರ್‌ಓ ಇಟ್ಟರೆ, ಮೇಲಿನ ದಾರಿ ಸರಿಹೋದ ದಿನದಿಂದ ಮೈಸೂರಿನವರೆಲ್ಲ ತಮ್ಮ ಪಕ್ಕದ ಕಾವೇರಿ ಬಿಟ್ಟು ಓದಲಿಕ್ಕೆ ಮಂಡ್ಯಕ್ಕೆ ಬರುತ್ತಾರೆ! ಆರ್‌ಓ ಹಾದಿಯಲ್ಲಿರೋ ಕ್ಲೈಂಟ್, ಆರ್‌ಓ ಸೈಟ್ ಇದ್ದೂ ಅದು ಕೈಗೆ ಸಿಗಲಿಲ್ಲ ಅಂತ ಆರ್‌ಡಬ್ಲ್ಯೂಗೆ ಹೋಗಲ್ಲ. ಇರೋ ಆರ್‌ಓಗಳೆಲ್ಲ ಬಿದ್ದರೆ ಕೈಚೆಲ್ಲಿ ಕೂರುತ್ತೆ.

ಜಾಗದ ಚಿಂತೆ ಬೇಡ. ಅದೇ ಪಾರ್ಟಿಷನ್ನಿನ ಆರ್‌ಓ ಒಂದು ಕ್ಲೋನ್, ಫೈಲಿನ ಡೇಟಾ ಎರಡಕ್ಕೂ ಒಂದೇ. ನೀವು ಆರ್‌ಡಬ್ಲ್ಯೂನಲ್ಲಿ ತಿದ್ದಿದ ಫೈಲುಗಳ ಹಳೆ ರೂಪ ಮಾತ್ರ ಮುಂದಿನ ರಿಲೀಸ್ ತನಕ ಹೆಚ್ಚುವರಿ ಜಾಗ ಹಿಡಿಯುತ್ತೆ. ಹೇಮಾವತಿಯಲ್ಲಿ ಮಾತ್ರ ಪೂರ್ತಿ ಗಾತ್ರದಷ್ಟು ಬೇಕು.

ಲಾಕ್ ವಿಚಾರ: ನೇರವಾಗಿ ವಾಸ್ ಅನ್‌ಲಾಕ್ ಕೊಡಬೇಡಿ. ಮೊದಲು ಎರಡೂ ಸರ್ವರಿಗೆ ವಾಸ್ ಸ್ಟೇಟಸ್ ಕೊಟ್ಟು ಯಾವ ಟ್ರಾನ್ಸಾಕ್ಷನ್ನೂ ನಡೆಯುತ್ತಿಲ್ಲ ಅಂತ ನೋಡಿಕೊಳ್ಳಿ. ಖಾಲಿ ಇದ್ದರೆ ಅನ್‌ಲಾಕ್, ಆಮೇಲೆ ಮತ್ತೆ ರಿಲೀಸ್. ರಿಲೀಸ್ ನಡುವೆ ಕರೆಂಟ್ ಹೋದರೂ ಇದೇ ಮದ್ದು. ವಾಸ್ ಎಕ್ಸಾಮಿನ್‌ನಲ್ಲಿ ಒಂದು ಸೈಟಿನ ಮುಂದೆ ನ್ಯೂ ರಿಲೀಸ್, ಇನ್ನೊಂದರ ಮುಂದೆ ಓಲ್ಡ್ ರಿಲೀಸ್ ಅಂತ ಇದ್ದರೆ ಅರ್ಧಕ್ಕೆ ನಿಂತಿದೆ ಅಂತಲೇ ಅರ್ಥ. ಮತ್ತೆ ರಿಲೀಸ್ ಕೊಟ್ಟರೆ ಹಿಂದೆ ಬಿದ್ದ ಸೈಟನ್ನು ಸರಿಮಾಡುತ್ತೆ.

---

ಲೋಕಪಾವನಿ ದಂಡೆ

ಮೇಲಿನವರು ಹೇಳಿದ ಹಾದಿಯ ಮಾತು ಸರಿ. ಹತ್ತು ಗಂಟೆಯ ಲೆಕ್ಕ ನಾನು ಹೇಳ್ತೀನಿ.

ಎಎಫ್‌ಎಸ್ ಕೆಳಗಿರೋ ಆರ್‌ಎಕ್ಸ್ (ಡೇಟಾ ಸಾಗಿಸೋ ಪ್ರೋಟೋಕಾಲ್) ಓಡೋದು ಯುಡಿಪಿ ಮೇಲೆ. ಬಹುಕಾಲದಿಂದ ಬಂದಿರೋ ಅದರ ವಿಂಡೋ (ಉತ್ತರಕ್ಕೆ ಕಾಯದೆ ಕಳಿಸಬಹುದಾದಷ್ಟು) 32 ಪ್ಯಾಕೆಟ್. ಒಂದೊಂದರಲ್ಲಿ ಸುಮಾರು 1,400 ಬೈಟ್ ಅಂದರೆ ಒಂದು ಸುತ್ತಿಗೆ 45 ಕೆಬಿ. ನಿಮ್ಮ ಸುತ್ತು 10 ಮಿಲಿಸೆಕೆಂಡ್. ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 4.5 ಎಂಬಿ, ಅಂದರೆ 36 ಎಂಬಿಪಿಎಸ್. ಲೈನ್ 100 ಇದ್ದರೂ ಅಷ್ಟೆ, 1000 ಇದ್ದರೂ ಅಷ್ಟೆ. 180 ಜಿಬಿಗೆ 40,000 ಸೆಕೆಂಡ್, ಹನ್ನೊಂದು ಗಂಟೆಯ ಮೇಲೆ. ನಿಮ್ಮ ಕರ್ಬೆರೋಸ್ ಟಿಕೆಟ್ ಆಯಸ್ಸು ಹತ್ತು ಗಂಟೆ ಇರಬೇಕು. ಗಡಿ ಮುಟ್ಟುವ ಹೊತ್ತಿಗೆ ಟಿಕೆಟ್ ಹೋಯಿತು, ಮೊದಲ ಸಲದ ಪೂರ್ತಿ ಡಂಪ್ ಆದ್ದರಿಂದ ಮತ್ತೆ ಮೊದಲಿನಿಂದ.

ಟಿಕೆಟ್ ಸಮಸ್ಯೆಗೆ ಮದ್ದು ಸುಲಭ. ಕಾವೇರಿಯಲ್ಲಿ ರೂಟ್ ಆಗಿ ಕೂತು ವಾಸ್ ರಿಲೀಸ್‌ಗೆ ಮೈನಸ್-ಲೋಕಲ್‌ಆಥ್ ಸೇರಿಸಿ. ಸರ್ವರಿನ ಕೀಲಿಯನ್ನೇ ಬಳಸುತ್ತೆ, ಅವಧಿ ಮುಗಿಯೋ ತಂಟೆ ಇಲ್ಲ. ಎಸ್‌ಎಸ್‌ಎಚ್ ಕಡಿದುಹೋದರೆ ಕೆಲಸ ಸಾಯದಂತೆ ಟಿಮಕ್ಸ್ ಒಳಗೆ ಓಡಿಸಿ.

ಆದರೆ ನಿಜವಾದ ತಪ್ಪು 180 ಜಿಬಿಯನ್ನು ಒಂದೇ ಮೂಟೆ ಕಟ್ಟಿರೋದು. ಹದಿನೆಂಟು ಹದಿನೆಂಟು ಜಿಬಿಯ ಹತ್ತು ವಾಲ್ಯೂಮ್ ಮಾಡಿ, "ಸ್ಕ್ಯಾನ್.ಹಳೆ.01" ಅಂತ ಶುರುಮಾಡಿ. ಹೆಸರು 22 ಅಕ್ಷರ ಮೀರಬಾರದು, ರೀಡ್‌ಓನ್ಲಿ ಬಾಲಕ್ಕೆ ಜಾಗ ಬೇಕು. ಲಾಭ ಮೂರು. ಒಂದು ಬಿದ್ದರೆ 18 ಜಿಬಿ ಮಾತ್ರ ಮತ್ತೆ ಹೋಗುತ್ತೆ. ಪುಸ್ತಕ ಸೇರಿಸಿದ ವಾಲ್ಯೂಮನ್ನಷ್ಟೇ ರಿಲೀಸ್ ಮಾಡಿದರೆ ಸಾಕು. ಮೂರನೆಯದೇ ಚೆಂದ: ವಿಂಡೋ ಮಿತಿ ಒಂದೊಂದು ಕರೆಗೆ ಬೇರೆ ಬೇರೆ. ಮೂರು ವಾಲ್ಯೂಮ್ ಒಟ್ಟಿಗೆ ರಿಲೀಸ್‌ಗೆ ಹಾಕಿದರೆ ಮೂರು 36, ಲೈನ್ ತುಂಬಿಹೋಗುತ್ತೆ. ಪೂರ್ತಿ 180 ಜಿಬಿ ನಾಲ್ಕು ನಾಲ್ಕೂವರೆ ಗಂಟೆಯಲ್ಲಿ ಮಂಡ್ಯ ಸೇರುತ್ತೆ. ರಾತ್ರಿ ಹತ್ತಕ್ಕೆ ಹಾಕಿ ಮಲಗಿ.

ಮುಂದಿನ ರಿಲೀಸ್‌ಗಳಲ್ಲಿ ಬದಲಾದ ಫೈಲುಗಳು ಮಾತ್ರ ಹೋಗುತ್ತವೆ. ಆದರೆ ಫೈಲ್ ಅಂದರೆ ಇಡೀ ಫೈಲ್. 4 ಜಿಬಿಯ ಒಂದು ಟಾರ್ ಫೈಲಿನಲ್ಲಿ (ಹಲವು ಫೈಲುಗಳ ಒಂದೇ ಗಂಟು) ಒಂದು ಬೈಟ್ ಬದಲಾದರೂ 4 ಜಿಬಿ ಪೂರ್ತಿ ಹೋಗುತ್ತೆ. ಹಾಗಾಗಿ ಪುಟಗಳನ್ನು ಬಿಡಿ ಬಿಡಿಯಾಗಿ ಇಡಿ, ಟಾರ್ ಮಾಡಿ ಇಡಬೇಡಿ.

ಇನ್ನೊಂದು. ವಿಪಿಎನ್ ಮಾಡಿದವರು ಎಂಎಸ್‌ಎಸ್ ಕ್ಲ್ಯಾಂಪ್ (ಪ್ಯಾಕೆಟ್ ಗಾತ್ರಕ್ಕೆ ಕಡಿವಾಣ) ಹಾಕಿದ್ದೇವೆ, ಎಂಟಿಯು (ಲೈನ್ ಹೊರಬಲ್ಲ ಗರಿಷ್ಠ ಪ್ಯಾಕೆಟ್ ಗಾತ್ರ) ಚಿಂತೆ ಬೇಡ ಅಂತ ಹೇಳಿದರೆ ನಂಬಬೇಡಿ. ಅದು ಟಿಸಿಪಿಗೆ ಮಾತ್ರ, ಇದು ಯುಡಿಪಿ. ಪಿಂಗ್‌ಗೆ ಮೈನಸ್-ಎಂ ಡು, ಮೈನಸ್-ಎಸ್ 1472 ಕೊಟ್ಟು ನೋಡಿ. ಸುರಂಗದ ಮೂಲಕ ಅದು ಹೋಗಲ್ಲ, 1372ಕ್ಕೆ ಇಳಿಸಿ, ಎಲ್ಲಿ ಹೋಗುತ್ತೆ ಅಂತ ಅಳೆಯಿರಿ. ಸಣ್ಣ ವಾಲ್ಯೂಮ್ ಸರಾಗ, ದೊಡ್ಡದು ಶುರುವಲ್ಲೇ ಅಲ್ಲಾಡದೆ ನಿಲ್ಲುತ್ತೆ ಅಂದರೆ ಮೊದಲ ಗುಮಾನಿ ಇದರ ಮೇಲೆ.

---

ಸಾವಿರಮೆಟ್ಟಿಲು (ಮೈಸೂರು)

ಒಡೆಯೋದಕ್ಕೆ ಒಪ್ಪಿಗೆ ಇದೆ. ಆದರೆ ಒಡೆಯೋವರೆಗೆ ಕಾಯಲು ಆಗದಿದ್ದರೆ ಇನ್ನೊಂದು ದಾರಿ: ಹೇಮಾವತಿಯನ್ನೇ ಒಂದು ದಿನ ಕಾರಿನಲ್ಲಿ ಹಾಕಿಕೊಂಡು ಮೈಸೂರಿಗೆ ತನ್ನಿ. ಕಾವೇರಿಯ ಪಕ್ಕದ ಸ್ವಿಚ್ಚಿಗೇ ಚುಚ್ಚಿ, ಅಲ್ಲೇ ಆಡ್‌ಸೈಟ್, ಅಲ್ಲೇ ರಿಲೀಸ್. ಅದೇ ಲೆಕ್ಕದಲ್ಲಿ ಸುತ್ತು ಅರ್ಧ ಮಿಲಿಸೆಕೆಂಡಾದರೆ ಮಿತಿ ಸೆಕೆಂಡಿಗೆ 90 ಎಂಬಿ. ಡಿಸ್ಕ್ ನಿಧಾನ ಅಂದುಕೊಂಡರೂ ಒಂದೆರಡು ಗಂಟೆ. ವಾಪಸ್ ತಂದು ಐಪಿ ಬದಲಿಸಿ ಶುರುಮಾಡಿದರೆ ಫೈಲ್ ಸರ್ವರ್ ತನ್ನ ಹೊಸ ವಿಳಾಸವನ್ನು ವಿಎಲ್‌ಡಿಬಿಗೆ (ಯಾವ ವಾಲ್ಯೂಮ್ ಎಲ್ಲಿದೆ ಅನ್ನೋ ಡೇಟಾಬೇಸ್) ತಾನೇ ದಾಖಲಿಸುತ್ತೆ. ಸರ್ವರಿನ ಗುರುತು ಸಿಸ್‌ಐಡಿ ಫೈಲಿನಲ್ಲಿರೋ ಯುಯುಐಡಿ ಅನ್ನೋ ವಿಶಿಷ್ಟ ಸಂಖ್ಯೆ, ಐಪಿ ಅಲ್ಲ. ಆದರೆ ಅದರ ಮೇಲೆ ಡೇಟಾಬೇಸ್ ಸರ್ವರೂ ಇದೆ. ಐಪಿ ಬದಲಾದರೆ ಸೆಲ್‌ಸರ್ವ್‌ಡಿಬಿ (ಡೇಟಾಬೇಸ್ ಸರ್ವರುಗಳ ವಿಳಾಸ ಇರೋ ಫೈಲ್) ಎಲ್ಲೆಡೆ ತಿದ್ದಬೇಕಾಗುತ್ತೆ, ಸಾಗಿಸೋ ದಿನ ಡೇಟಾಬೇಸ್ ಸೇವೆಗಳನ್ನು ನಿಲ್ಲಿಸಿಡೋದು ಮೇಲು.

---

ಕಬ್ಬಿನಗದ್ದೆ (ಮಂಡ್ಯ)

ಇಬ್ಬರಿಗೂ ದೊಡ್ಡ ನಮಸ್ಕಾರ. ನಾಲ್ಕೂ ವಾಲ್ಯೂಮಿಗೆ ಎರಡೆರಡು ಸೈಟ್ ಮಾಡಿದೆ. ಎಫ್‌ಎಸ್ ಎಕ್ಸಾಮಿನ್‌ನಲ್ಲಿ ಮೇಲಿನಿಂದ ಕೆಳಗಿನವರೆಗೂ ರೀಡ್‌ಓನ್ಲಿ ಬಾಲ ಬಂತು, ವೇರ್‌ಈಸ್‌ನಲ್ಲಿ ಎರಡೂ ಸರ್ವರ್ ಕಾಣುತ್ತಿವೆ. 180 ಜಿಬಿಯದ್ದನ್ನು ಒಡೆಯಲು ಶುರು ಮಾಡಿದ್ದೇನೆ, ಸರ್ವರ್ ಹೊತ್ತು ತರೋ ಧೈರ್ಯ ಇಲ್ಲ.

ಈಗ ಹೊಸ ತಲೆನೋವು. ಸ್ಕ್ಯಾನ್ ಮಾಡೋರು ಫೈಲ್ ಹಾಕಲು ಹೋದರೆ ರೀಡ್-ಓನ್ಲಿ ಫೈಲ್ ಸಿಸ್ಟಮ್ ಅಂತ ಬೈಯುತ್ತೆ. ಹೊಸ ಮೌಂಟ್ ಪಾಯಿಂಟ್ ಮಾಡಿದ್ದು ಕಾಣಿಸಲ್ಲ. ಮಂಡ್ಯದ ಲ್ಯಾಬಿನ ಅರ್ಧ ಯಂತ್ರಗಳು ಹೇಮಾವತಿ ಪಕ್ಕದಲ್ಲೇ ಇದ್ದರೂ ಕಾವೇರಿಯಿಂದಲೇ ಓದುತ್ತಿವೆ.

---

ಸಾವಿರಮೆಟ್ಟಿಲು (ಮೈಸೂರು)

ಮೊದಲ ಎರಡು ತಪ್ಪಲ್ಲ, ಅದರ ಗುಣವೇ ಹಾಗೆ. ಆರ್‌ಓ ಅನ್ನೋದು ಕನ್ನಡಿಯಲ್ಲ, ಫೋಟೋ. ಮತ್ತೆ ಕ್ಲಿಕ್ ಮಾಡೋವರೆಗೆ ಹಳೆ ಮುಖವೇ. ಬರೆಯೋರು ಸೆಲ್ ಹೆಸರಿನ ಶುರುವಿನಲ್ಲಿ ಚುಕ್ಕೆ ಇರೋ ದಾರಿಯಿಂದ ಹೋಗಬೇಕು, ಅದು ಆರ್‌ಡಬ್ಲ್ಯೂ ಹಾದಿ. ಡೈನ್‌ರೂಟ್ ಇದ್ದರೆ ಅದು ತಾನಾಗಿಯೇ ಇರುತ್ತೆ. ಇಲ್ಲದ ಯಂತ್ರಗಳಿಗೆ ರೂಟ್.ಎಎಫ್‌ಎಸ್ ಒಳಗೆ ಎಫ್‌ಎಸ್ ಎಂಕೆಮೌಂಟ್‌ನಿಂದ ಮೈನಸ್-ಆರ್‌ಡಬ್ಲ್ಯೂ ಕೊಟ್ಟು ಮಾಡಿ, ರೂಟ್.ಎಎಫ್‌ಎಸ್ ರಿಲೀಸ್ ಮಾಡಬೇಕು. ಸ್ಕ್ಯಾನ್ ಮಾಡೋರ ಡೆಸ್ಕ್‌ಟಾಪಿನಲ್ಲಿ ಆ ಚುಕ್ಕೆ ದಾರಿಗೆ ಒಂದು ಶಾರ್ಟ್‌ಕಟ್ ಇಟ್ಟುಬಿಡಿ, ಚುಕ್ಕೆಯ ಪಾಠ ಎಲ್ಲರಿಗೂ ಹೇಳಿ ಪೂರೈಸಲ್ಲ.

ಮೌಂಟ್ ಪಾಯಿಂಟ್ ಇರೋದು ತಾಯಿ ವಾಲ್ಯೂಮಿನಲ್ಲಿ. ಹತ್ತು ಹೊಸ ವಾಲ್ಯೂಮ್ ಮಾಡಿ ಅವನ್ನಷ್ಟೇ ರಿಲೀಸ್ ಮಾಡಿದರೆ ಸಾಲದು, "ಸ್ಕ್ಯಾನ್" ಕೂಡ ಆಗಬೇಕು. ಮೊದಲು ಮಕ್ಕಳು, ಆಮೇಲೆ ತಾಯಿ. ತಾಯಿ ಮೊದಲಾದರೆ ಓದುಗರು ಇನ್ನೂ ಆರ್‌ಓ ಇಲ್ಲದ ವಾಲ್ಯೂಮಿಗೆ ಕಾಲಿಟ್ಟು ಆರ್‌ಡಬ್ಲ್ಯೂಗೆ ಇಳಿಯುತ್ತಾರೆ. ಎಸಿಎಲ್ (ಯಾರಿಗೆ ಏನು ಅನುಮತಿ ಅನ್ನೋ ಪಟ್ಟಿ) ಕೂಡ ಹೀಗೇ: ಚುಕ್ಕೆ ದಾರಿಯಲ್ಲಿ ಎಫ್‌ಎಸ್ ಸೆಟ್‌ಎಸಿಎಲ್, ಆಮೇಲೆ ರಿಲೀಸ್. ಯಾರದೋ ಅನುಮತಿ ತೆಗೆದು ರಿಲೀಸ್ ಮರೆತರೆ ಅವರು ಆರ್‌ಓನಲ್ಲಿ ಆರಾಮಾಗಿ ಓದುತ್ತಲೇ ಇರುತ್ತಾರೆ.

ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ತಾನೇ ಓಡಿಸೋದು) ಸ್ಕ್ಯಾನ್ ವಾಲ್ಯೂಮುಗಳನ್ನು ರಿಲೀಸ್ ಮಾಡಿಸಬಹುದು. ರೂಟ್.ಸೆಲ್ ಅನ್ನು ಮಾತ್ರ ಕ್ರಾನ್‌ಗೆ ಹಾಕಬೇಡಿ. ಅದರಲ್ಲಿ ಕೈತಪ್ಪಿ ಏನಾದರೂ ಅಳಿಸಿದರೆ, ರಿಲೀಸ್ ಆಗದಿರೋದೇ ನಿಮ್ಮನ್ನು ಕಾಪಾಡುತ್ತೆ.

---

ನಾಲೆಏರಿ (ಮಂಡ್ಯ)

ಅಣ್ಣ, ಲ್ಯಾಬ್ ಯಂತ್ರಗಳ ವಿಷ್ಯ ನಾನೇಳ್ತೀನಿ. ಲ್ಯಾಬು ಒಂದು ವಿಎಲ್ಯಾನ್ (ಬೇರೆ ಮಾಡಿಟ್ಟ ನೆಟ್‌ವರ್ಕ್ ತುಂಡು), ಸರ್ವರ್ರು ಇನ್ನೊಂದು ವಿಎಲ್ಯಾನ್ ಅಲ್ವಾ? ಕ್ಲೈಂಟು ಸರ್ವರಿಗೆ ಕೊಡೋ ರ‍್ಯಾಂಕು ಐಪಿ ನೋಡ್ಕೊಂಡು ಕಣಣ್ಣ: ಅದೇ ಯಂತ್ರ ಆದ್ರೆ 5,000, ಅದೇ ಸಬ್‌ನೆಟ್ಟು 20,000, ಅದೇ ನೆಟ್‌ವರ್ಕು 30,000, ಹೊರಗಿನದು 40,000. ಇದಕ್ಕೆ ಒಂಚೂರು ಯಾದೃಚ್ಛಿಕ ಸಂಖ್ಯೆ ಸೇರಿಸುತ್ತೆ. ಕಮ್ಮಿ ಇದ್ದೋರಿಗೆ ಆದ್ಯತೆ. ವಿಳಾಸ ಎಲ್ಲ 10ರಿಂದ ಶುರುವಾಗೋದಾದ್ರೆ ಲ್ಯಾಬ್ ಕಣ್ಣಿಗೆ ಹೇಮಾವತಿನೂ 30,000, ಕಾವೇರಿನೂ 30,000. ಮಿಕ್ಕಿದ್ದು ಲಾಟರಿ. ಅದಕ್ಕೇ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಎಫ್‌ಎಸ್ ಗೆಟ್‌ಸರ್ವರ್‌ಪ್ರೆಫ್ಸ್ ಕೊಟ್ಟು ನೋಡು. ಆಮೇಲೆ ಎಫ್‌ಎಸ್ ಸೆಟ್‌ಸರ್ವರ್‌ಪ್ರೆಫ್ಸ್, ಮೈನಸ್-ಸರ್ವರ್ಸ್ ಹೇಮಾವತಿ 10000. ವಿಎಲ್ ಸರ್ವರಿಗೂ (ವಿಎಲ್‌ಡಿಬಿ ಇಟ್ಕೊಂಡಿರೋದು) ಬೇರೆ ಇದೆ, ಮೈನಸ್-ವಿಎಲ್‌ಸರ್ವರ್ಸ್, ಅದನ್ನೂ ಮಾಡು. ಇದು ಕರ್ನಲ್ ಮೆಮೊರಿಲಿ ಮಾತ್ರ ಇರೋದು, ರೀಬೂಟ್ ಆದ್ರೆ ಹೋಯ್ತು. ಕ್ಲೈಂಟ್ ಶುರುವಾದ ಮೇಲೆ ಓಡೋ ಸ್ಕ್ರಿಪ್ಟಿಗೆ ಹಾಕು.

ಡೆಬಿಯನ್ ಅಂದ್ಯಲ್ಲ, ಎಟ್ಸಿ ಹೋಸ್ಟ್ಸ್ ಫೈಲಲ್ಲಿ ಯಂತ್ರದ ಹೆಸರಿಗೆ 127.0.1.1 ಇರುತ್ತೆ, ಅದನ್ನ ತೆಗೆದು ನಿಜವಾದ ಐಪಿ ಹಾಕು. ಇಲ್ಲದಿದ್ರೆ ಸರ್ವರ್ರು ತನ್ನ ವಿಳಾಸ ಅದೇ ಅಂತ ಹೇಳಿಕೊಂಡು, ಬೇರೆ ಯಂತ್ರಗಳು ತಮ್ಮನ್ನೇ ಹುಡುಕ್ಕೊಂಡು ಕೂರ್ತವೆ. ವಾಸ್ ಲಿಸ್ಟ್‌ಆಡ್ರ್ಸ್ ಕೊಟ್ರೆ ಗೊತ್ತಾಗುತ್ತೆ. ವಿಪಿಎನ್ ವಿಳಾಸಾನೂ ಅಲ್ಲಿ ನುಸುಳಿದ್ರೆ ನೆಟ್‌ರಿಸ್ಟ್ರಿಕ್ಟ್ ಫೈಲಿಗೆ ಹಾಕಿ ತಡಿ. ಮುಂದೆ ಮೂರನೇ ಸರ್ವರ್ ಮಾಡೋವಾಗ ಹೇಮಾವತಿ ಡಿಸ್ಕನ್ನೇ ಇಮೇಜ್ ಹೊಡೆದ್ರೆ ಸಿಸ್‌ಐಡಿ ಫೈಲ್ ಅಳಿಸಿ ಶುರುಮಾಡು. ಒಂದೇ ಯುಯುಐಡಿ ಇಬ್ಬರಿಗಿದ್ರೆ ವಿಎಲ್‌ಡಿಬಿ ಕಲಸಿ ಮುದ್ದೆ ಆಯ್ತದೆ.

ಫೈರ್‌ವಾಲಲ್ಲಿ ಯುಡಿಪಿ 7000, 7002, 7003, 7005, 7007 ಬಿಟ್ಟಿರ್ತೀಯ. ಕ್ಲೈಂಟ್ ಕಡೆ 7001 ಮರೀಬೇಡ. ರಿಲೀಸ್ ಆದ್ಮೇಲೆ ಹಳೇದನ್ನ ಬಿಸಾಕು ಅಂತ ಸರ್ವರ್ ಕೂಗಿ ಹೇಳೋದು ಅದೇ ಕಿವಿಗೆ. ಅದು ಮುಚ್ಚಿದ್ರೆ ಎರಡು ಗಂಟೆವರೆಗೂ ಹಳೇ ಫೈಲೇ ಕಾಣುತ್ತೆ.

---

ಲೋಕಪಾವನಿ ದಂಡೆ

ಲೈನ್ ಹೋದಾಗಿನ ವಿಚಾರ ಬಾಕಿ ಉಳಿಯಿತು. ಎರಡೇ ಡೇಟಾಬೇಸ್ ಸರ್ವರ್ ಇದ್ದಾಗ ಕಡಿಮೆ ಐಪಿ ಇರೋದಕ್ಕೆ ಅರ್ಧ ಮತ ಹೆಚ್ಚು. ಅದು ಕಾವೇರಿ ಅಂದುಕೊಳ್ಳೋಣ. ಲೈನ್ ಕಡಿದಾಗ ಮಂಡ್ಯ ಕಡೆ ಕೋರಂ (ಡೇಟಾಬೇಸ್ ಬದಲಿಸಲು ಬೇಕಾದ ಬಹುಮತ) ಇರಲ್ಲ. ಅಲ್ಲಿಂದ ವಾಸ್ ರಿಲೀಸ್, ಆಡ್‌ಸೈಟ್ ಯಾವುದೂ ಆಗಲ್ಲ, 5376 ಅಂತ ನಂಬರ್ ಬಂದರೆ ಅದೇ ಕಾರಣ. ಆದರೆ ವಾಲ್ಯೂಮ್ ಎಲ್ಲಿದೆ ಅಂತ ಓದೋದಕ್ಕೆ ಕೋರಂ ಬೇಡ, ಓದುಗರಿಗೆ ತೊಂದರೆ ಇಲ್ಲ. ಮೂರನೇ ಡೇಟಾಬೇಸ್ ಸರ್ವರನ್ನು ಮೈಸೂರಿನಲ್ಲೇ ಇಡೋದರಿಂದ ಮಂಡ್ಯಕ್ಕೇನೂ ಸಿಗಲ್ಲ. ಮೂರನೇ ಜಾಗ ಇದ್ದರೆ ಮಾಡಿ.

ಲೈನ್ ಕಡಿದಾಗ ಹೊಸದಾಗಿ ಲಾಗಿನ್ ಆಗೋರಿಗೆ ಮಂಡ್ಯದಲ್ಲೂ ಒಂದು ಕೆಡಿಸಿ (ಕರ್ಬೆರೋಸ್ ಟಿಕೆಟ್ ಕೊಡೋ ಸರ್ವರ್) ಬೇಕು. ಅದು ಬೇಡ ಅಂದರೆ ಸ್ಕ್ಯಾನ್ ಫೋಲ್ಡರುಗಳಿಗೆ ಸಿಸ್ಟಮ್:ಎನಿಯೂಸರ್ ಆರ್‌ಎಲ್ (ಯಾರು ಬೇಕಾದರೂ ಓದೋ, ಪಟ್ಟಿ ನೋಡೋ ಅನುಮತಿ) ಕೊಟ್ಟರೆ ಟೋಕನ್ (ಲಾಗಿನ್ ಗುರುತು) ಇಲ್ಲದೆಯೂ ಓದಬಹುದು. ಎಲ್ಲರಿಗೂ ತೆರೆದಿಡಬಹುದಾದ ಪುಸ್ತಕಗಳಾದರೆ ಮಾತ್ರ.

ಕಾವೇರಿಯ ಡಿಸ್ಕೇ ಹೋದರೆ ಹೇಮಾವತಿಯ ಆರ್‌ಓವನ್ನು ವಾಸ್ ಕನ್ವರ್ಟ್-ಆರ್‌ಓ-ಟು-ಆರ್‌ಡಬ್ಲ್ಯೂ ಅಂತ ಬರೆಯೋ ಕಾಪಿ ಮಾಡಿಕೊಳ್ಳಬಹುದು. ಕೊನೆಯ ರಿಲೀಸ್ ಆದ ಮೇಲೆ ಹಾಕಿದ್ದು ಸಿಗಲ್ಲ. ಕಾವೇರಿ ಒಂದು ಗಂಟೆ ಮಲಗಿದೆ ಅಂತ ಇದನ್ನು ಮಾಡಬೇಡಿ, ಅದು ಎದ್ದರೆ ಎರಡು ಆರ್‌ಡಬ್ಲ್ಯೂ ಎದುರುಬದುರು ನಿಲ್ಲುತ್ತವೆ.

---

ಕಬ್ಬಿನಗದ್ದೆ (ಮಂಡ್ಯ)

ವಾಸ್ ಲಿಸ್ಟ್‌ಆಡ್ರ್ಸ್ ಕೊಟ್ಟೆ. ಹೇಮಾವತಿಯ ಹೆಸರಲ್ಲಿ ವಿಪಿಎನ್ ವಿಳಾಸ ಕೂತಿತ್ತು, ನೆಟ್‌ರಿಸ್ಟ್ರಿಕ್ಟ್‌ಗೆ ಹಾಕಿ ಫೈಲ್ ಸರ್ವರ್ ಮರುಶುರು ಮಾಡಿದೆ. ಲ್ಯಾಬಿನಲ್ಲಿ ರ‍್ಯಾಂಕ್ ನಿಜಕ್ಕೂ ಎರಡೂ 30,000 ಚಿಲ್ಲರೆ ಇತ್ತು, 10,000 ಮಾಡಿದ ಮೇಲೆ ಎಲ್ಲ ಯಂತ್ರಗಳೂ ಹೇಮಾವತಿಗೆ ಬಂದವು. ವಿಪಿಎನ್ ಕೇಬಲ್ ಕಿತ್ತು ಎಲ್‌ಎಸ್ ಕೊಟ್ಟರೆ ಮಾದರಿ ಫೋಲ್ಡರ್ ಥಟ್ಟನೆ ತೆರೆಯುತ್ತೆ. ಪಿಂಗ್ 1394ರವರೆಗೆ ಹೋಗುತ್ತಿದೆ, ಎಂಟಿಯು ಸರಿಮಾಡಿಸಿ ಇವತ್ತು ರಾತ್ರಿ 01ರಿಂದ 03ರವರೆಗೆ ಮೂರನ್ನು ಒಟ್ಟಿಗೆ ಹಾಕುತ್ತೇನೆ.